ಕಲಿಸಲು ಹೋದ ಟೀಚರಮ್ಮ ಕಲಿತದ್ದು



ನಮ್ಮೂರ ಶಾಲೆಗೆ ಹೊಸ ಮೇಡಂ ಬಂದರೆ ಮೊದಲ ವಾರ ಅವರಿಗೆ ಎಷ್ಟು ಕಷ್ಟ ಅಲ್ಲವೇ? ಮಕ್ಕಳ ಹೆಸರು ಗೊತ್ತಿರೋದಿಲ್ಲ. ಬಸ್ಸಿನ ಹೊತ್ತು ಗೊತ್ತಿರೋದಿಲ್ಲ. ಹಾಲು ಎಲ್ಲಿ ಸಿಗುತ್ತೆ ಅನ್ನೋದನ್ನೂ ಕೇಳಬೇಕು. ಇನ್ನು ಟೀಚರು ಬೇರೆ ದೇಶದಿಂದಲೇ ಬಂದರೆ ಹೇಗೆ?

ಅಮೆರಿಕದ ಟೀಚರುಗಳು ಫ್ರಾನ್ಸ್ ದೇಶದ ಶಾಲೆಗೆ ಹೀಗೆ ಹೋಗಿದ್ದಾರೆ. ಈ ಎರಡು ದೇಶಗಳ ನಡುವೆ ದೊಡ್ಡ ಸಮುದ್ರ ಇದೆ. ಅಮೆರಿಕದ ಹೆಚ್ಚು ಜನರ ಮಾತು ಇಂಗ್ಲಿಷ್. ಫ್ರಾನ್ಸಿನ ಜನರ ಮಾತು ಫ್ರೆಂಚ್. ಅಲ್ಲಿಗೆ ಹೋದ ಟೀಚರ ದಿನ ಹೇಗಿರುತ್ತೆ? ಬನ್ನಿ, ತಿಳಿಯೋಣ.

ಅದಲು ಬದಲು

1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಕೋಟಿ ಕೋಟಿ ಜನ ಸತ್ತಿದ್ದರು. ಅಮೆರಿಕದಲ್ಲಿ ಫುಲ್‌ಬ್ರೈಟ್ ಎಂಬ ಸಂಸತ್ ಸದಸ್ಯರಿದ್ದರು. ಒಂದು ದೇಶದವರು ಇನ್ನೊಂದು ದೇಶದವರ ಜೊತೆ ಇದ್ದು ಬಾಳಿದರೆ ದ್ವೇಷ ಕಡಿಮೆ ಆಗುತ್ತೆ ಎಂದು ಅವರು ನಂಬಿದ್ದರು. ಅವರ ಪ್ರಯತ್ನದಿಂದ 1946ರಲ್ಲಿ ಒಂದು ಕಾನೂನು ಬಂತು. ಓದುವವರು, ಕಲಿಸುವವರು ದೇಶದಿಂದ ದೇಶಕ್ಕೆ ಹೋಗಿ ಬರಲು ಅದರಿಂದ ಅನುಕೂಲವಾಯಿತು. 1948ರಲ್ಲಿ ಫ್ರಾನ್ಸ್ ಈ ಯೋಜನೆಗೆ ಸೇರಿತು. 1950ರಲ್ಲಿ ನಮ್ಮ ಭಾರತವೂ ಸೇರಿತು.

ಈ ಯೋಜನೆಯಲ್ಲಿ ಅನೇಕ ವರ್ಷ ಟೀಚರುಗಳ ಅದಲು ಬದಲು ನಡೆಯಿತು. ಅಮೆರಿಕದ ಟೀಚರು ಫ್ರಾನ್ಸಿಗೆ ಹೋಗುವರು. ಅಲ್ಲಿನ ಟೀಚರು ಇವರ ಶಾಲೆಗೆ ಬರುವರು. ಕೆಲವರು ಮನೆಯನ್ನೂ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಇವರ ಅಡಿಗೆಮನೆಯಲ್ಲಿ ಅವರು, ಅವರ ಅಡಿಗೆಮನೆಯಲ್ಲಿ ಇವರು!

ಅಂಥ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಅವರನ್ನು ಟೀಚರಮ್ಮ ಅಂತಲೇ ಕರೆಯೋಣ. ತಮ್ಮೂರಲ್ಲಿ ಅವರು ಮಕ್ಕಳಿಗೆ ಫ್ರೆಂಚ್ ಕಲಿಸುತ್ತಿದ್ದರು. ಫ್ರಾನ್ಸಿನಲ್ಲಿ ಇಂಗ್ಲಿಷ್ ಕಲಿಸಬೇಕು.

ಫಾರಂ ಮುಂದೆ ಕೂತಾಗ

ಟೀಚರಮ್ಮ ಓದಿದವರು. ಫ್ರೆಂಚ್ ಬಲ್ಲವರು. ಆದರೂ ಮೊದಲ ವಾರವೇ ಕಷ್ಟ ಶುರುವಾಗುತ್ತೆ.

ಮೂರು ತಿಂಗಳಿಗಿಂತ ಹೆಚ್ಚು ದಿನ ಇರಬೇಕಾದರೆ ಸರ್ಕಾರದ ಅನುಮತಿ ಬೇಕು. ಅದಕ್ಕೆ ಫಾರಂ ತುಂಬಬೇಕು. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು. ಅದಕ್ಕೂ ಫಾರಂ. "ನಿಮ್ಮ ಹೆಸರಿನ ಕರೆಂಟ್ ಬಿಲ್ ತನ್ನಿ" ಅಂತ ಬ್ಯಾಂಕಿನವರು ಕೇಳುತ್ತಾರೆ. ಮನೆಯೇ ಅದಲು ಬದಲಾಗಿದೆ. ಬಿಲ್ಲು ಇನ್ನೊಬ್ಬರ ಹೆಸರಲ್ಲಿ ಬರುತ್ತೆ! ಆಗ ಮನೆಯವರಿಂದ ಕಾಗದ ಬರೆಸಿಕೊಂಡು ಬರಬೇಕು. "ಇವರು ನಮ್ಮ ಮನೆಯಲ್ಲಿ ಇದ್ದಾರೆ" ಅಂತ ಅದರಲ್ಲಿ ಸಹಿ ಇರಬೇಕು.

ಪುಸ್ತಕದ ಫ್ರೆಂಚ್ ಬೇರೆ, ಆಫೀಸಿನ ಫ್ರೆಂಚ್ ಬೇರೆ. ಫಾರಂ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂರೋದು ಹೇಗಿರುತ್ತೆ ಅಂತ ನಮಗೆ ಗೊತ್ತು. ಟೀಚರಮ್ಮನಿಗೂ ಆಗ ಗೊತ್ತಾಗುತ್ತೆ. ಪಕ್ಕದವರನ್ನು ಕೇಳದೆ ಗತಿಯಿಲ್ಲ. ಕೇಳುತ್ತಾರೆ. ತುಂಬುತ್ತಾರೆ.

ನೀನು, ನೀವು

ಬೆಳಿಗ್ಗೆ ಎಂಟು, ಎಂಟೂವರೆಗೆ ಶಾಲೆ ಶುರು. ಟೀಚರುಗಳ ಕೋಣೆಯಲ್ಲಿ ಎಲ್ಲರಿಗೂ "ಬೋಂಜೂರ್" ಅನ್ನಬೇಕು. ಅಂದರೆ ನಮಸ್ಕಾರ. ಅಂಗಡಿಗೆ ಹೋದರೂ ಅಷ್ಟೆ. ಮೊದಲು ಬೋಂಜೂರ್, ಆಮೇಲೆ ವ್ಯಾಪಾರ. ಹಾಗೆ ಅನ್ನದಿದ್ದರೆ ಮರ್ಯಾದೆ ಗೊತ್ತಿಲ್ಲದವರು ಅಂದುಕೊಳ್ಳುತ್ತಾರೆ.

ಈಗಿನ ಇಂಗ್ಲಿಷ್ ಮಾತಿನಲ್ಲಿ "ನೀನು", "ನೀವು" ಎರಡಕ್ಕೂ ಒಂದೇ ಪದ. ಫ್ರೆಂಚಿನಲ್ಲಿ ಹಾಗಲ್ಲ. ಗೆಳತಿಗೆ, ಮಗುವಿಗೆ "ತು". ದೊಡ್ಡವರಿಗೆ, ಗುರುತಿಲ್ಲದವರಿಗೆ "ವು". ಯಾರಿಗೆ ಯಾವುದು? ಹೆಡ್‌ಮಾಸ್ತರಿಗೆ ತಪ್ಪಿ "ತು" ಅಂದರೆ? ಟೀಚರಮ್ಮ ಮಾತು ಮಾತಿಗೂ ಯೋಚನೆ ಮಾಡಬೇಕು. ಈ ವಿಷಯದಲ್ಲಿ ನಾವೇ ಜಾಣರು. ನೀನು ಯಾರಿಗೆ, ನೀವು ಯಾರಿಗೆ ಅಂತ ನಮಗೆ ಚಿಕ್ಕಂದಿನಿಂದ ಗೊತ್ತು.

ಒಂದೋ ಏಳೋ?

ಅಂಕಿಯಲ್ಲೂ ತೊಡಕಿದೆ. ಫ್ರಾನ್ಸಿನ ಜನ 1 ಬರೆಯುವಾಗ ತಲೆಯ ಕಡೆ ಉದ್ದನೆಯ ಗೆರೆ ಎಳೆಯುತ್ತಾರೆ. ಅಮೆರಿಕದವರ ಕಣ್ಣಿಗೆ ಅದು 7ರ ಹಾಗೆ ಕಾಣುತ್ತೆ. ಹಾಗಾದರೆ 7? ಅದರ ನಡುವೆ ಒಂದು ಅಡ್ಡ ಗೆರೆ ಹಾಕುತ್ತಾರೆ.

ತಾರೀಖೂ ಬೇರೆ. 5-3 ಅಂತ ಬರೆದರೆ ಅಮೆರಿಕದಲ್ಲಿ ಮೇ 3. ಅವರು ತಿಂಗಳನ್ನು ಮೊದಲು ಬರೆಯುತ್ತಾರೆ. ಫ್ರಾನ್ಸಿನಲ್ಲಿ ಅದು ಮಾರ್ಚ್ 5. ನಮ್ಮಲ್ಲೂ ಹಾಗೆಯೇ. ಮಧ್ಯಾಹ್ನ ಎರಡೂವರೆಯನ್ನು 14.30 ಅಂತ ಬರೆಯುತ್ತಾರೆ. ನಮ್ಮ ರೈಲ್ವೆ ಸ್ಟೇಷನ್ನಿನ ಬೋರ್ಡಿನ ಹಾಗೆ.

ಎಣಿಸೋದು ಇನ್ನೂ ತಮಾಷೆ. 70ಕ್ಕೆ "ಅರವತ್ತು ಹತ್ತು" ಅನ್ನುತ್ತಾರೆ. 80ಕ್ಕೆ "ನಾಲ್ಕು ಇಪ್ಪತ್ತು". 97ಕ್ಕೆ "ನಾಲ್ಕು ಇಪ್ಪತ್ತು ಹದಿನೇಳು"! ಅಂಗಡಿಯವರು ಬೇಗ ಬೇಗ ಬೆಲೆ ಹೇಳಿದರೆ ಟೀಚರಮ್ಮ ಮನಸ್ಸಿನಲ್ಲೇ ಕೂಡಬೇಕು.

ಮಧ್ಯಾಹ್ನದ ಊಟ

ಅಮೆರಿಕದ ಶಾಲೆಗಳಲ್ಲಿ ಊಟಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ. ಫ್ರಾನ್ಸಿನಲ್ಲಿ ಒಂದು, ಒಂದೂವರೆ ಗಂಟೆ ಬಿಡುವು. ಕೆಲವು ಮಕ್ಕಳು ಮನೆಗೆ ಹೋಗುತ್ತಾರೆ. ಹೆಚ್ಚಿನವರು ಶಾಲೆಯಲ್ಲೇ ಉಣ್ಣುತ್ತಾರೆ. ಮೊದಲು ತರಕಾರಿ ಕೋಸಂಬರಿಯಂಥದು. ಆಮೇಲೆ ಮುಖ್ಯ ಊಟ. ಆಮೇಲೆ ಹಾಲಿನಿಂದ ಮಾಡಿದ ಚೀಸ್. ಕೊನೆಗೆ ಹಣ್ಣು ಅಥವಾ ಸಿಹಿ. ಜೊತೆಗೆ ಬ್ರೆಡ್ಡು, ನೀರು. 2019ರಿಂದ ಶಾಲೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ಮಾಂಸ, ಮೀನು ಇಲ್ಲದ ಊಟ ಇರಬೇಕು.

ಊಟಕ್ಕೆ ದುಡ್ಡು ಕೊಡಬೇಕು. ಆದರೆ ಬಹಳ ಊರುಗಳಲ್ಲಿ ಎಲ್ಲರಿಗೂ ಒಂದೇ ದರ ಇಲ್ಲ. ಮನೆಯ ಆದಾಯ ಕಡಿಮೆ ಇದ್ದರೆ ದರವೂ ಕಡಿಮೆ. ಬಡವರ ಮಗು, ಸಾಹುಕಾರರ ಮಗು ಒಂದೇ ಮೇಜಿನಲ್ಲಿ ಅದೇ ಊಟ ಉಣ್ಣುತ್ತವೆ.

ಶಾಲೆಯ ಹೊತ್ತು

ಅಮೆರಿಕದಲ್ಲಿ ಟೀಚರು ಬೆಳಿಗ್ಗೆಯಿಂದ ಶಾಲೆ ಬಿಡುವ ತನಕ ಅಲ್ಲೇ ಇರಬೇಕು. ಫ್ರಾನ್ಸಿನಲ್ಲಿ 11 ವರ್ಷ ದಾಟಿದ ಮಕ್ಕಳಿಗೆ ಕಲಿಸುವ ಹೆಚ್ಚಿನ ಟೀಚರುಗಳಿಗೆ ವಾರಕ್ಕೆ 18 ಗಂಟೆ ಪಾಠ. ಪಾಠ ಮುಗಿದರೆ ಮನೆಗೆ ಹೋಗಬಹುದು. ಹಾಗಂತ ಕೆಲಸ ಕಡಿಮೆಯೇನಲ್ಲ. ಉತ್ತರ ಪತ್ರಿಕೆ ತಿದ್ದಬೇಕು. ನಾಳೆಯ ಪಾಠ ತಯಾರಿಸಬೇಕು. ಅದೆಲ್ಲ ಮನೆಯಲ್ಲಿ, ರಾತ್ರಿ ಹೊತ್ತು.

ಬುಧವಾರ ಮಧ್ಯಾಹ್ನ ಸಾಮಾನ್ಯವಾಗಿ ಪಾಠ ಇರೋದಿಲ್ಲ. ಮಕ್ಕಳು ಆಟಕ್ಕೆ, ಸಂಗೀತಕ್ಕೆ ಹೋಗುತ್ತಾರೆ.

ತಪ್ಪಿನ ಭಯ

ಅಮೆರಿಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಅಂಕ. ಫ್ರಾನ್ಸಿನಲ್ಲಿ 20ಕ್ಕೆ. 10 ಬಂದರೆ ಪಾಸು. 14 ಬಂದರೆ ಒಳ್ಳೆಯ ಅಂಕ. 20ಕ್ಕೆ 20 ಸಿಗೋದು ಅಪರೂಪ. ತಪ್ಪಿಗೆಲ್ಲ ಕೆಂಪು ಶಾಯಿ ಬೀಳುತ್ತೆ.

ಅದಕ್ಕೇ ಮಕ್ಕಳು ತರಗತಿಯಲ್ಲಿ ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಾರೆ. ಬರೆಯಿರಿ ಅಂದರೆ ಬರೆಯುತ್ತಾರೆ. ಬಾಯಿ ಬಿಡಿ ಅಂದರೆ ಬಿಡೋದಿಲ್ಲ. ತಪ್ಪಾದರೆ? ಪಕ್ಕದವನು ನಕ್ಕರೆ?

ಟೀಚರಮ್ಮನ ಫ್ರೆಂಚಿನಲ್ಲೂ ತಪ್ಪು ಬರುತ್ತೆ. ಮಕ್ಕಳು ನಗುತ್ತಾರೆ. ಟೀಚರಮ್ಮ ಏನು ಮಾಡಬಹುದು? ಸಿಟ್ಟಾಗಬಹುದು. ಇಲ್ಲವೇ "ಸರಿಯಾಗಿ ಹೇಗೆ ಹೇಳಬೇಕು? ನೀವೇ ಹೇಳಿಕೊಡಿ" ಅಂತ ಕೇಳಬಹುದು. ಕೇಳಿದರೆ 12 ವರ್ಷದ ಹುಡುಗಿ ಎದ್ದು ನಿಂತು ಟೀಚರಿಗೇ ಪಾಠ ಹೇಳುತ್ತಾಳೆ. ಟೀಚರೇ ತಪ್ಪು ಮಾಡಿ ತಿದ್ದಿಕೊಂಡಿದ್ದನ್ನು ಇಡೀ ತರಗತಿ ನೋಡುತ್ತೆ. ಆಮೇಲೆ ಆ ಹುಡುಗಿಗೂ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಲು ಧೈರ್ಯ ಬರುತ್ತೆ.

37ನೇ ವಯಸ್ಸಿನಲ್ಲಿ ಪರೀಕ್ಷೆ

ಫ್ರಾನ್ಸಿನಲ್ಲಿ ದೊಡ್ಡ ಮಕ್ಕಳ ತರಗತಿಗಳನ್ನು ಹಿಂದಿನಿಂದ ಎಣಿಸುತ್ತಾರೆ. 11 ವರ್ಷದ ಮಗು ಆರನೇ ತರಗತಿ. ಮುಂದಿನ ವರ್ಷ ಐದು. ಆಮೇಲೆ ನಾಲ್ಕು, ಮೂರು, ಎರಡು, ಒಂದು. ಅದು ಮುಗಿದ ಮೇಲೆ ಕೊನೆಯ ತರಗತಿ. ಅಲ್ಲಿ "ಬಾಕ್" ಎಂಬ ದೊಡ್ಡ ಪರೀಕ್ಷೆ ಇರುತ್ತೆ. ಅದು ಪಾಸಾದರೆ ಕಾಲೇಜು.

ಈ ಪರೀಕ್ಷೆ ಶುರುವಾದದ್ದು 1808ರಲ್ಲಿ. ಐವತ್ತು ವರ್ಷ ಕಳೆದರೂ ಒಬ್ಬ ಹೆಂಗಸೂ ಅದನ್ನು ಪಾಸು ಮಾಡಿರಲಿಲ್ಲ. ಹೆಂಗಸರಿಗೆ ಯಾಕೆ ಅಂತ ಅಧಿಕಾರಿಗಳು ಕೇಳುತ್ತಿದ್ದ ಕಾಲ. ಆಗ ಜೂಲಿ ದೋಬಿಯೆ ಎಂಬ ಮಹಿಳೆ ಪರೀಕ್ಷೆಗೆ ಕೂರಲು ಅನುಮತಿ ಕೇಳಿದರು. ಸಿಗಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಲಿಯೋನ್ ನಗರದಲ್ಲಿ ಅವಕಾಶ ಸಿಕ್ಕಿತು. 1861ರಲ್ಲಿ ಅವರು ಪಾಸಾದರು. ಆಗ ಅವರಿಗೆ 37 ವರ್ಷ.

ಅವರೂ ಟೀಚರೇ. ಬಡ ಹೆಂಗಸರ ಕಷ್ಟ, ಅವರಿಗೆ ಸಿಗುವ ಕಡಿಮೆ ಕೂಲಿ, ಇದರ ಬಗ್ಗೆ 1866ರಲ್ಲಿ ದೊಡ್ಡ ಪುಸ್ತಕ ಹೊರತಂದರು. ಇಂದು ಫ್ರಾನ್ಸಿನ ಹುಡುಗಿಯರು ಹುಡುಗರ ಜೊತೆ ಕೂತು ಅದೇ ಪರೀಕ್ಷೆ ಬರೆಯುತ್ತಾರೆ.

ಮಾತಾಡೋಣ

1. ಟೀಚರಮ್ಮನಿಗೆ ಫಾರಂ ತುಂಬಲು ಯಾಕೆ ಕಷ್ಟವಾಯಿತು? ನೀವು ಈಚೆಗೆ ಯಾವ ಫಾರಂ ಓದಿದಿರಿ?

2. ಫ್ರಾನ್ಸಿನವರ ಹಾಗೆ 1 ಮತ್ತು 7 ಬರೆದು ನೋಡಿ. ಪಕ್ಕದವರಿಗೆ ತೋರಿಸಿ.

3. ಜೂಲಿ ದೋಬಿಯೆ ಎಷ್ಟನೇ ವಯಸ್ಸಿನಲ್ಲಿ ಪರೀಕ್ಷೆ ಪಾಸಾದರು? ನಿಮ್ಮ ಕೇಂದ್ರದಲ್ಲಿ ಅವರಿಗಿಂತ ದೊಡ್ಡವರು ಯಾರಿದ್ದಾರೆ?

4. ತರಗತಿಯಲ್ಲಿ ಜೋರಾಗಿ ಓದಲು ಇನ್ನೂ ನಾಚುವ ಅಕ್ಕ ಇದ್ದಾರಾ? ಇಂದು ಈ ಪಾಠದ ಮೊದಲ ನಾಲ್ಕು ಸಾಲು ಅವರೇ ಓದಲಿ. ತಪ್ಪಿದರೆ ಹೇಳಿಕೊಡಿ. ನಗಬೇಡಿ.