ಗೆಲ್ಲುತ್ತಿದ್ದ ತಂಡಕ್ಕೆ ಬೀಗ ಏಕೆ?

ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾಲಯ ತನ್ನ ಹೆಸರಾಂತ ಮಹಿಳಾ ಐಸ್ ಹಾಕಿ ತಂಡವನ್ನು ಮುಚ್ಚಿದ್ದು ಏಕೆ?

ಸೋತದ್ದಕ್ಕಲ್ಲ, ದುಡ್ಡಿಗಾಗಿ. 2002ರಲ್ಲಿ ಶುರುವಾದ ತಂಡ 2012 ಮತ್ತು 2013ರಲ್ಲಿ ರಾಷ್ಟ್ರೀಯ ಟೂರ್ನಿಗೂ ಹೋಗಿತ್ತು. ಆದರೆ ಕಚ್ಚಾತೈಲ, ಬೆಳೆಗಳ ಬೆಲೆ ಬಿದ್ದು ರಾಜ್ಯದ ವರಮಾನ ಕುಸಿಯಿತು. ಅನುದಾನಕ್ಕೆ ಕತ್ತರಿ ಬಿತ್ತು. ಕ್ರೀಡಾ ವಿಭಾಗ ಖರ್ಚು ಇಳಿಸಬೇಕಾಯಿತು. ಸಂಬಳ ಕಡಿಮೆಯಾದ ಮನೆಯಲ್ಲಿ ಮೊದಲು ನಿಲ್ಲುವುದು ಮಕ್ಕಳ ಸಂಗೀತ ಪಾಠ ತಾನೆ? ವಿದ್ಯಾರ್ಥಿವೇತನ, ತರಬೇತುದಾರರ ಸಂಬಳ, ದೂರದ ಪ್ರಯಾಣ ಸೇರಿ ತಂಡದ ಖರ್ಚು ದೊಡ್ಡದು, ಟಿಕೆಟ್ ಹಣ ಅಲ್ಪ. 2017ರ ಮಾರ್ಚ್‌ನಲ್ಲಿ ಈಜು ತಂಡಗಳ ಜೊತೆ ಇದನ್ನೂ ಮುಚ್ಚಿದರು. ಗಂಡಸರ ಐಸ್ ಹಾಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಏಕೆಂದರೆ ಅದರ ಪಂದ್ಯಗಳಿಗೆ ಕ್ರೀಡಾಂಗಣ ತುಂಬುತ್ತದೆ. ಮಹಿಳಾ ತಂಡವನ್ನು ಮುಚ್ಚಿದ್ದು ದೂರದೃಷ್ಟಿಯಿಲ್ಲದ ನಿರ್ಧಾರವೆಂದೇ ನನ್ನ ಎಣಿಕೆ. 2018ರ ಒಲಿಂಪಿಕ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಅಮೆರಿಕಕ್ಕೆ ಚಿನ್ನ ತಂದ ಶೂಟೌಟ್ ಗೋಲು ಹೊಡೆದ ಜೋಸ್ಲಿನ್ ಲಾಮರೂ ಡೇವಿಡ್ಸನ್ ಇದೇ ತಂಡದಲ್ಲಿ ಆಡಿದವರು.