40 ಗ್ರಾಂ 19 ಆಗುವ ಲೆಕ್ಕ

ಮುಂಗಾರು ಹಿಡಿದು, ಶಾಲೆಯ ಫೀಸೂ ಬಿತ್ತನೆ ಬೀಜದ ಖರ್ಚೂ ಒಟ್ಟೊಟ್ಟಿಗೇ ಎದುರಾಗುವ ಜೂನ್ ತಿಂಗಳಲ್ಲಿ ಯಾವುದಾದರೂ ತಾಲ್ಲೂಕು ಕೇಂದ್ರದ ಬ್ಯಾಂಕಿಗೆ ಹೋಗಿ ನೋಡಿ. ಮ್ಯಾನೇಜರರ ಕೋಣೆಯ ಮುಂದೆ ಇಲ್ಲದಷ್ಟು ಜನ ಮೂಲೆಯ ಸಣ್ಣ ಮೇಜೊಂದರ ಮುಂದೆ ಕಾಯುತ್ತಿರುತ್ತಾರೆ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಸವೆದು ನುಣುಪಾದ ಕಪ್ಪು ಕಲ್ಲು, ಎರಡು ಮೂರು ಪುಟ್ಟ ಆಸಿಡ್ ಬಾಟಲಿ, ಕಣ್ಣಿಗೆ ಒತ್ತಿ ಹಿಡಿಯುವ ಭೂತಗನ್ನಡಿ. ಅದರ ಹಿಂದೆ ಕೂತವರು ಬಹುತೇಕ ಕಡೆ ಬ್ಯಾಂಕಿನ ನೌಕರರಲ್ಲ, ಸಂಬಳದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ ಅವರ ಸಹಿ ಬೀಳದೆ ಚಿನ್ನದ ಸಾಲದ ಒಂದು ರೂಪಾಯಿಯೂ ಕೌಂಟರ್ ದಾಟುವುದಿಲ್ಲ. ಬ್ಯಾಂಕಿನವರ ಬಾಯಲ್ಲಿ ಅವರು ಅಪ್ರೈಸರ್. ಸಾಲಕ್ಕೆ ಬಂದವರಿಗೆ ಕರಾವಳಿಯಲ್ಲಿ ಶೇಟ್ರು ಅಥವಾ ಆಚಾರ್ರು, ಉತ್ತರ ಕರ್ನಾಟಕದಲ್ಲಿ ಪತ್ತಾರರು.

ಬೆಲೆ ಕಟ್ಟುವುದು ಇವರ ಕಸುಬು ಎಂದು ಹೊರಗಿನವರು ತಿಳಿದಿರುತ್ತಾರೆ. ಪಕ್ಕದಲ್ಲಿ ಕೂತು ನೋಡಿದರೆ ಇವರು ದಿನವಿಡೀ ಮಾಡುವುದು ಕಳೆಯುವ ಲೆಕ್ಕ.

ಹಾವೇರಿ ಕಡೆಯ ಹೆಣ್ಣುಮಗಳೊಬ್ಬಳು ಬೋರಮಾಳ ಸರ ತಂದಿದ್ದಾಳೆ ಎಂದಿಟ್ಟುಕೊಳ್ಳಿ. ತಕ್ಕಡಿ 40 ಗ್ರಾಂ ತೋರಿಸುತ್ತದೆ. ಅಪ್ರೈಸರ್ ಮೊದಲು ಮಣಿ ಎಣಿಸುತ್ತಾರೆ. ಒಂದು ಮಣಿಯನ್ನು ಬೆರಳ ನಡುವೆ ಹಿಡಿದು ಉಗುರಿನಿಂದ ತಟ್ಟುತ್ತಾರೆ, ಆಮೇಲೆ ದಾರ ಹಾಯುವ ತೂತಿಗೆ ಭೂತಗನ್ನಡಿ ಹಿಡಿಯುತ್ತಾರೆ. ಹೊರಗೆ ತೆಳುವಾದ ಚಿನ್ನದ ತಗಡು, ಒಳಗೆಲ್ಲ ಅರಗು. ಅರಗು ತುಂಬದಿದ್ದರೆ ಅಷ್ಟು ತೆಳು ಮಣಿ ಮೊದಲ ಮದುವೆಮನೆಯಲ್ಲೇ ಚಪ್ಪಟೆಯಾಗುತ್ತಿತ್ತು. ಕಡಿಮೆ ಚಿನ್ನದಲ್ಲಿ ಕೊರಳು ತುಂಬ ಕಾಣುವಂತೆ ಮಾಡಿದ ಅಕ್ಕಸಾಲಿಯ ಜಾಣತನವೇ ಈಗ ಅಪ್ರೈಸರ್‌ಗೆ ತಲೆನೋವು. ಕರಗಿಸದೆ ಒಳಗಿನ ಅರಗನ್ನು ತೂಗುವಂತಿಲ್ಲ, ಅಡವಿಗೆ ಬಂದ ಒಡವೆಯನ್ನು ಕರಗಿಸುವಂತೂ ಇಲ್ಲ. ಮಣಿಯ ಗಾತ್ರ, ತಗಡಿನ ದಪ್ಪ, ಇಂಥ ಕೆಲಸ ಎಷ್ಟೋ ನೋಡಿದ ಕಣ್ಣು, ಇಷ್ಟರ ಮೇಲೆ ಅಂದಾಜು ಕಟ್ಟಬೇಕು. ಅರಗು, ದಾರ, ನಡುನಡುವಿನ ಹವಳ ಸೇರಿ 12 ಗ್ರಾಂ ಹೋಯಿತು ಎನ್ನೋಣ. ಉಳಿದದ್ದು 28. ಒರೆಗೆ ಹಚ್ಚಿದರೆ ಚಿನ್ನ 22 ಕ್ಯಾರೆಟ್ ಇಲ್ಲ, 20. ಅದನ್ನು 22ರ ಲೆಕ್ಕಕ್ಕೆ ಇಳಿಸಿದರೆ 25 ಗ್ರಾಂ ಚಿಲ್ಲರೆ. ಅದರ ಮೇಲೆ, ಇಷ್ಟು ವರ್ಷ ನಡೆದು ಬಂದ ಮಿತಿಯಂತೆ, ಶೇ 75ರಷ್ಟು ಸಾಲ. ಕೊರಳಲ್ಲಿ 40 ಗ್ರಾಂ ಇದ್ದ ಸರ ಕೈಗೆ ಬರುವ ಹಣದ ಲೆಕ್ಕದಲ್ಲಿ 19 ಗ್ರಾಂ ಆಯಿತು. ಮಾಡಿಸುವಾಗ ಕೊಟ್ಟ ಮಜೂರಿ, ವೇಸ್ಟೇಜು ಇದರಲ್ಲಿ ಎಲ್ಲೂ ಇಲ್ಲ.

ಕೊಡಗಿನ ಜೋಮಾಲೆಗೂ ಇದೇ ಗತಿ. ಅದರ ಗುಂಡುಗಳಲ್ಲೂ ಅರಗು. ಕರಿಮಣಿ ಸರಕ್ಕೆ ಕರಿಮಣಿ ಕಳೆಯಬೇಕು, ಕೆಂಪು ಹರಳಿನ ಪದಕಕ್ಕೆ ಹರಳನ್ನೂ ಅದರಡಿಯ ಮೇಣವನ್ನೂ ಕಳೆಯಬೇಕು. ಅಡವಿನ ಲೆಕ್ಕದಲ್ಲಿ ಹರಳಿಗೆ ಬೆಲೆ ಕೂಡಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನದೇ ನಿಯಮ. ಚಿನ್ನದ ದರವೂ ಅಪ್ರೈಸರ್ ಕೈಯಲ್ಲಿಲ್ಲ: ಹಿಂದಿನ ದಿನದ ದರ, ಕಳೆದ 30 ದಿನಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

‘ನಮ್ಮಜ್ಜಿ ಕಾಲದ್ದು, ಅಪ್ಪಟ ಚಿನ್ನ’ ಎಂಬ ಮಾತು ಈ ಮೇಜಿನ ಮುಂದೆ ಕೇಳಿಸಿದಷ್ಟು ಬೇರೆಲ್ಲೂ ಕೇಳಿಸದು. ಹಳೆಯ ಒಡವೆ ಅಪ್ಪಟ ಎಂಬುದು ನಾವು ಸಾಕಿಕೊಂಡ ನಂಬಿಕೆಗಳಲ್ಲೊಂದು. ಆಗಿನ ಬೆಸುಗೆಗೆ ತಾಮ್ರ, ಬೆಳ್ಳಿ ಬೆರೆಸಿದ ಚಿನ್ನ ಬೇಕಿತ್ತು. ಕೂಡುಗಳು ಹೆಚ್ಚಿದ್ದಷ್ಟೂ ಇಡೀ ಒಡವೆಯ ಕ್ಯಾರೆಟ್ ಇಳಿಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಕ್ಯಾಡ್ಮಿಯಂ ಬೆಸುಗೆ, ಅಂದರೆ ಕೆಡಿಎಂ. ಬೆಸುಗೆಯ ಹೆಸರನ್ನೇ ಶುದ್ಧತೆಯ ಮುದ್ರೆ ಎಂದು ನಂಬಿ ಒಂದು ತಲೆಮಾರು ‘ಕೆಡಿಎಂ ಚಿನ್ನ’ ಕೊಂಡಿತು. ಕ್ಯಾಡ್ಮಿಯಂನ ಹೊಗೆ ಅಕ್ಕಸಾಲಿಗಳ ಶ್ವಾಸಕೋಶಕ್ಕೆ ವಿಷ ಎಂದು ಅದನ್ನು ಕೈಬಿಡಲಾಯಿತು, ಆದರೆ ಗಿರಾಕಿಗಳ ಬಾಯಿಂದ ಆ ಮೂರಕ್ಷರ ಇನ್ನೂ ಹೋಗಿಲ್ಲ.

ಕಪ್ಪು ಕಲ್ಲಿನ ಕೆಲಸ ನೋಡಲು ಬಲು ಸರಳ. ಒಡವೆಯನ್ನು ಒತ್ತಿ ಎಳೆದರೆ ಕಲ್ಲಿನ ಮೇಲೆ ಹಳದಿ ಗೆರೆ ಮೂಡುತ್ತದೆ. ಅದರ ಪಕ್ಕದಲ್ಲೇ, ಇಂತಿಷ್ಟೇ ಕ್ಯಾರೆಟ್ ಎಂದು ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಆಸಿಡ್ ಹಾಯಿಸುತ್ತಾರೆ. ನೈಟ್ರಿಕ್ ಆಸಿಡ್ ತಾಮ್ರವನ್ನೂ ಬೆಳ್ಳಿಯನ್ನೂ ತಿಂದುಹಾಕುತ್ತದೆ, ಚಿನ್ನಕ್ಕೆ ಏನೂ ಮಾಡಲಾರದು. ಹಿತ್ತಾಳೆಯ ಗೆರೆ ನೋಡನೋಡುತ್ತ ಹಸಿರಾಗಿ ನೊರೆಯೆದ್ದು ಮಾಯವಾಗುತ್ತದೆ, 22 ಕ್ಯಾರೆಟ್ ಗೆರೆ ಹಾಗೇ ನಿಲ್ಲುತ್ತದೆ. ಕಷ್ಟ ಇರುವುದು ಈ ಎರಡರ ನಡುವೆ. 20ಕ್ಕೂ 22ಕ್ಕೂ ಇರುವ ವ್ಯತ್ಯಾಸ ಗೆರೆಯ ಒಂದು ಛಾಯೆಯಷ್ಟೇ. ಟ್ಯೂಬ್‌ಲೈಟಿನಲ್ಲಿ ಅದು ಒಂದು ಬಗೆ, ಕಿಟಕಿಯ ಬೆಳಕಿನಲ್ಲಿ ಇನ್ನೊಂದು ಬಗೆ. ಅದಕ್ಕೇ ಹಳಬರು ಮೇಜನ್ನು ಕಿಟಕಿಗೆ ಒತ್ತಿ ಹಾಕಿಸಿಕೊಳ್ಳುತ್ತಾರೆ.

ಈ ವಿದ್ಯೆ ಎಷ್ಟು ಹಳೆಯದೆಂದು ತಿಳಿಯಲು ಮೈಸೂರಿಗೆ ಹೋದರೆ ಸಾಕು. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯಲ್ಲಿ ಸಿಕ್ಕ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಚಿನ್ನದ ಅಧಿಕಾರಿಗೆಂದೇ ಅಧ್ಯಾಯವಿದೆ. ಒರೆಗಲ್ಲು ಕಳಿಂಗದ್ದೋ ತಾಪಿ ನದಿಯದ್ದೋ ಆಗಿದ್ದು ಹೆಸರುಕಾಳಿನ ಬಣ್ಣದ್ದಿದ್ದರೆ ಉತ್ತಮ ಎನ್ನುತ್ತಾನೆ ಆತ. ಉಗುರಿನ ಸಂದಿಯಲ್ಲಿ ಕಾವಿಪುಡಿ ಅಡಗಿಸಿಕೊಂಡು ಗೆರೆಗೆ ಬಣ್ಣ ಬರಿಸುವವರ ಬಗ್ಗೆ ಎಚ್ಚರಿಸುತ್ತಾನೆ. ಚಿನ್ನ ಕದಿಯುವ ಐದು ದಾರಿಗಳನ್ನೂ ಹೆಸರು ಹಿಡಿದು ಹೇಳುತ್ತಾನೆ. ತಕ್ಕಡಿಯ ಮೋಸ ಒಂದು, ಒಳಗೆ ಬೇರೆ ಲೋಹವಿಟ್ಟು ಮೇಲೆ ಚಿನ್ನ ಹೊದಿಸುವುದು ಇನ್ನೊಂದು. ಇಂದು ಬ್ಯಾಂಕುಗಳನ್ನು ಹೈರಾಣ ಮಾಡುತ್ತಿರುವುದು ಈ ಎರಡನೆಯದೇ.

ಹೊದಿಕೆಯ ಚಿನ್ನ ದಪ್ಪಗಿದ್ದರೆ ಒರೆಗಲ್ಲು ಸುಳ್ಳು ಹೇಳುತ್ತದೆ. ಅಪ್ರೈಸರ್‌ಗಳು ಸಾಮಾನ್ಯವಾಗಿ ಕೊಂಡಿಯ ಬಳಿ ಉಜ್ಜುತ್ತಾರೆ ಎಂಬುದನ್ನು ವಂಚಕರೂ ಬಲ್ಲರು. ಆದ್ದರಿಂದ ಕೊಂಡಿಯನ್ನಷ್ಟೇ ನಿಜವಾದ 22 ಕ್ಯಾರೆಟ್‌ನಲ್ಲಿ ಮಾಡಿಸಿ, ಸರಪಳಿಯನ್ನು ಬೆಳ್ಳಿಯ ಮೇಲೆ ಚಿನ್ನ ಹೊದಿಸಿ ತರುತ್ತಾರೆ. ಪಳಗಿದವರು ನಾಲ್ಕು ಕಡೆ ಉಜ್ಜುತ್ತಾರೆ, ಕೊಂಡಿ ಒಂದು ಮಾತು ಹೇಳಿ ಸರಪಳಿ ಇನ್ನೊಂದು ಹೇಳಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅನುಮಾನ ಉಳಿದರೆ ನೀರಿನಲ್ಲಿ ತೂಗುತ್ತಾರೆ. 35 ಗ್ರಾಂನ ಗಟ್ಟಿ ಬಳೆ 22 ಕ್ಯಾರೆಟ್ ಆಗಿದ್ದರೆ ನೀರಿನಲ್ಲಿ ಸುಮಾರು 2 ಗ್ರಾಂ ಕಡಿಮೆ ತೂಗಬೇಕು. ಒಳಗೆ ಬೆಳ್ಳಿಯಿದ್ದರೆ ಇಳಿಕೆ 3 ಗ್ರಾಂ ಸಮೀಪಿಸುತ್ತದೆ ಅಥವಾ ದಾಟುತ್ತದೆ. ಈ ಲೆಕ್ಕವನ್ನೂ ಸೋಲಿಸುವ ಲೋಹ ಒಂದಿದೆ, ಟಂಗ್‌ಸ್ಟನ್. ಅದರ ಸಾಂದ್ರತೆಗೂ ಅಪ್ಪಟ ಚಿನ್ನದ ಸಾಂದ್ರತೆಗೂ ಕೂದಲೆಳೆಯ ಅಂತರ. ಆದರೆ ಅದು ಬಲು ಗಡಸು, ಸರಪಳಿಯಾಗಿ ಬಳುಕದು. ಗಟ್ಟಿಗಳಲ್ಲಿ ಅಡಗಿಸಲು ತಕ್ಕದ್ದು. ಚಿನ್ನದ ಗಟ್ಟಿಗೆ ಬ್ಯಾಂಕು ಸಾಲ ಕೊಡುವಂತಿಲ್ಲವಾದ್ದರಿಂದ ನಮ್ಮ ಅಪ್ರೈಸರ್‌ಗೆ ಆ ಕಾಟ ಅಷ್ಟಾಗಿ ಇಲ್ಲ.

ಎಕ್ಸ್‌ರೇ ಹಾಯಿಸಿ ಕ್ಷಣದಲ್ಲಿ ಶೇಕಡಾವಾರು ಹೇಳುವ ಯಂತ್ರವಿರುವಾಗ ಕಲ್ಲೇಕೆ ಎಂದು ಕೇಳಬಹುದು. ಆ ಯಂತ್ರದ ಕಣ್ಣು ಮೇಲ್ಮೈಯ ಕೆಲವೇ ಮೈಕ್ರಾನ್ ಆಳಕ್ಕೆ ಇಳಿಯುತ್ತದೆ, ಹೊದಿಕೆ ದಪ್ಪವಿದ್ದರೆ ಅದೂ ಹೊದಿಕೆಯ ಗುಣವನ್ನೇ ಹೇಳುತ್ತದೆ. ಪೂರ್ತಿ ನಿಜ ಹೇಳುವುದು ಬೆಂಕಿಯ ಪರೀಕ್ಷೆ ಒಂದೇ: ಚೂರು ಕತ್ತರಿಸಿ, ಸೀಸದೊಡನೆ ಕರಗಿಸಿ, ಉಳಿದ ಬೆಳ್ಳಿಯನ್ನು ಆಸಿಡ್‌ನಲ್ಲಿ ತೆಗೆದು, ಕೊನೆಗುಳಿದ ಚಿನ್ನ ತೂಗುವುದು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಅದು ಆಗುತ್ತದೆ. ಕಾಯುತ್ತ ಕೂತ ಹೆಣ್ಣುಮಗಳ ತಾಳಿಯ ಚೂರು ಕತ್ತರಿಸಲು ಯಾರಿಗೆ ಧೈರ್ಯ?

ಹಾಲ್‌ಮಾರ್ಕ್ ಬಂದ ಮೇಲೆ ಕೆಲಸ ಹಗುರಾಗಿದೆ ಎನ್ನಬೇಕು. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಹೊಸ ಒಡವೆಯನ್ನು ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಎಂಬ ಗುರುತು ಇಲ್ಲದೆ ಮಾರುವಂತಿಲ್ಲ. ಆದರೆ ಅಡವಿಗೆ ಬರುವುದರಲ್ಲಿ ಹೆಚ್ಚಿನದು ಅದಕ್ಕೂ ಹಿಂದಿನ ಚಿನ್ನ.

ಕರ್ನಾಟಕದಲ್ಲಿ ಈ ಕಸುಬು ಬೇರೂರಿದ್ದರ ಹಿಂದೆ ಕರಾವಳಿಯ ಬ್ಯಾಂಕುಗಳಿವೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಬ್ಯಾಂಕುಗಳು ಒಂದರ ಹಿಂದೊಂದು ಹುಟ್ಟಿದವು. ಹೊಲದ ಪತ್ರವಿಲ್ಲದವರ ಬಳಿಯೂ ಒಂದೆರಡು ಪವನು ಚಿನ್ನ ಇರುತ್ತಿತ್ತು, ಅದನ್ನು ಒರೆಗೆ ಹಚ್ಚಲು ಪೇಟೆಯ ಅಕ್ಕಸಾಲಿಗಳಿದ್ದರು. ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಈಗ ಬೇರೆ ಬ್ಯಾಂಕುಗಳಲ್ಲಿ ಕರಗಿಹೋಗಿವೆ. ಬೋರ್ಡು ಬದಲಾಯಿತು, ಮೂಲೆಯ ಮೇಜು ಬದಲಾಗಲಿಲ್ಲ.

ಆ ಮೇಜಿನ ಸಂಪಾದನೆ ಮಾತ್ರ ವಿಚಿತ್ರ. ಸಾಲವೊಂದಕ್ಕೆ ಇಷ್ಟು ಎಂಬ ಫೀಸು, ಅದಕ್ಕೂ ಮೇಲ್ಮಿತಿ. ಸಾಲ ಬರದ ದಿನ ಕೈ ಬರಿದು. ಕೆಲಸಕ್ಕೆ ಸೇರುವಾಗಲೇ ಠೇವಣಿ, ಮುಚ್ಚಳಿಕೆ. ಅಡವಿಟ್ಟದ್ದು ನಕಲಿಯೆಂದು ಮುಂದೊಂದು ದಿನ ಗೊತ್ತಾದರೆ ಮೊದಲು ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾದವರೂ ಇವರೇ. ನಿಜಕ್ಕೂ ಸಾಲಗಾರನ ಜೊತೆ ಕೈಜೋಡಿಸಿ ಸಿಕ್ಕಿಬಿದ್ದ ಅಪ್ರೈಸರ್‌ಗಳೂ ಇಲ್ಲದಿಲ್ಲ. ಪತ್ರಿಕೆಗಳ ಅಪರಾಧ ಪುಟದಲ್ಲಿ ಆಗಾಗ ಕಾಣುತ್ತಾರೆ. ಲಕ್ಷಗಟ್ಟಲೆ ಸಾಲದ ಹೊಣೆಯನ್ನು ದಿನಗೂಲಿಯಂಥ ಆದಾಯದವರ ಹೆಗಲಿಗೇರಿಸಿದ ವ್ಯವಸ್ಥೆಯಲ್ಲಿ ಇಷ್ಟು ಕಡಿಮೆ ಮೋಸ ನಡೆಯುತ್ತಿರುವುದೇ ನನಗೆ ಸೋಜಿಗ.

ಬ್ಯಾಂಕಿನ ಹೊರಗೆ ಇನ್ನೊಂದು ಬಗೆಯ ಮೌಲ್ಯಮಾಪಕರಿದ್ದಾರೆ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಇವರು ಆಸ್ತಿ ಪಾಲು, ವಿಮೆ, ತೆರಿಗೆ ಲೆಕ್ಕಗಳಿಗೆ ಪ್ರಮಾಣಪತ್ರ ಕೊಡುತ್ತಾರೆ. ಒಂದೇ ವಜ್ರದ ಬೆಂಡೋಲೆಗೆ ಇವರ ಬಳಿ ಬೇರೆ ಬೇರೆ ಬೆಲೆ. ವಿಮೆಗಾದರೆ ಮತ್ತೆ ಅಂಥದ್ದೇ ಮಾಡಿಸಲು ತಗಲುವಷ್ಟು, ಮಜೂರಿಯೂ ಸೇರಿ. ಅಣ್ಣತಮ್ಮಂದಿರ ಪಾಲಿಗಾದರೆ ಇವತ್ತು ಮಾರಿದರೆ ಬರುವಷ್ಟು. ವಜ್ರದ ವಿಷಯದಲ್ಲಂತೂ ಇವರ ನೆಲವೇ ಅಲುಗಾಡುತ್ತಿದೆ. ಶಾಖ ಹರಿಯುವ ವೇಗ ನೋಡಿ ವಜ್ರವೋ ಗಾಜೋ ಹೇಳುವ ಕೈಯಂತ್ರ, ಪ್ರಯೋಗಾಲಯದಲ್ಲಿ ಬೆಳೆದ ವಜ್ರವನ್ನೂ ವಜ್ರವೆಂದೇ ಹೇಳುತ್ತದೆ. ಹೇಳದೆ ಏನು ಮಾಡೀತು, ಅದೂ ವಜ್ರವೇ. ಬೆಲೆ ಮಾತ್ರ ಗಣಿಯ ವಜ್ರದ ಹತ್ತಿರಕ್ಕೂ ಬರದು.

ಕೈಗಡಿಯಾರಕ್ಕೆ ಬಂದರೆ ಈ ಕಳೆಯುವ ಲೆಕ್ಕವೇ ತಲೆಕೆಳಗು. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 1.77 ಕೋಟಿ ಡಾಲರ್‌ಗೆ ಹೋಯಿತು. ಅದು ಉಕ್ಕಿನ ಗಡಿಯಾರ. ನಮ್ಮ ಮೂಲೆಯ ಮೇಜಿಗೆ ತಂದಿದ್ದರೆ ಸೊನ್ನೆ ಬರೆದು ಮರಳಿಸುತ್ತಿದ್ದರು. ಹಿಂಬದಿಯಲ್ಲಿ ಹೆಂಡತಿ ಕೆತ್ತಿಸಿದ, ಹುಷಾರಾಗಿ ಗಾಡಿ ಓಡಿಸು ಎಂಬ ಅರ್ಥದ ಮಾತಿತ್ತು. ಒಡವೆಯಲ್ಲಿ ಹೆಸರು ಕೆತ್ತಿದ್ದರೆ ಕರಗಿಸಿ ಅಳಿಸುವ ಲೋಕಕ್ಕೆ, ಕೆತ್ತನೆಯೂ ಬೆಲೆ ತರುವುದು ಅರ್ಥವಾಗದು. ಗಡಿಯಾರದ ಮೌಲ್ಯಮಾಪಕ ಸೀರಿಯಲ್ ನಂಬರ್, ಒಳಗಿನ ಯಂತ್ರ, ಡಯಲ್‌ನ ಅಕ್ಷರ, ಹಳೆಯ ರಸೀತಿ, ಡಬ್ಬಿ ಎಲ್ಲವನ್ನೂ ಕೂಡಿಸುತ್ತ ಹೋಗುತ್ತಾನೆ. ಪಾಲಿಶ್ ಮಾಡಿಸಿ ಹೊಳಪೇರಿಸಿ ತಂದರೆ ಬೆಲೆ ಬೀಳುತ್ತದೆ, ಕೇಸಿನ ಅಂಚುಗಳ ಮೂಲ ಚೂಪು ಸವೆದಿರುತ್ತದೆ. 1950ರ ದಶಕದ್ದು ಎನ್ನುವ ಗಡಿಯಾರದ ಮುಳ್ಳು ಕತ್ತಲಲ್ಲಿ ಜಗಜಗ ಹೊಳೆದರೆ ಅನುಮಾನ ಗಟ್ಟಿ: ಆ ಕಾಲದ ರೇಡಿಯಂ ಬಣ್ಣದ ಹೊಳಪು ಇಷ್ಟರಲ್ಲಿ ಸತ್ತಿರಬೇಕು, ಯಾರೋ ಹೊಸದಾಗಿ ಬಳಿದಿದ್ದಾರೆ.

ನಮ್ಮದೇ ಎಚ್‌ಎಂಟಿಯಲ್ಲೂ ಇದು ನಡೆದಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಗಡಿಯಾರಗಳಿಗೆ, 2016ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾದ ಹೊತ್ತಿಗೆ ಸಂಗ್ರಾಹಕರು ಮುಗಿಬಿದ್ದರು. ಹಳೆಯ ‘ಜನತಾ’ ಗಡಿಯಾರದ ಡಯಲ್‌ಗೆ ಹೊಸ ಬಣ್ಣ ಬಳಿದು, ಕಂಪನಿ ಎಂದೂ ಮಾಡದ ಬಣ್ಣದ ಮಾದರಿಗಳನ್ನು ಮಾರುವವರೂ ಹುಟ್ಟಿಕೊಂಡರು. ಬಲ್ಲವರು ಮಂಕಾದ, ಕಲೆಬಿದ್ದ ಮೂಲ ಡಯಲ್‌ಗೇ ಹೆಚ್ಚು ಕೊಡುತ್ತಾರೆ.

ಬ್ಯಾಂಕಿನ ಅಪ್ರೈಸರ್‌ಗೆ ಇಂಥ ಐಷಾರಾಮ ಇಲ್ಲ. 2025ರ ಏಪ್ರಿಲ್‌ನಲ್ಲಿ ಅಪರಂಜಿಯ ದರ 10 ಗ್ರಾಂಗೆ ಲಕ್ಷ ರೂಪಾಯಿ ಮುಟ್ಟಿದ ಮೇಲೆ ಅರ್ಧ ಗ್ರಾಂ ಅರಗಿನ ಅಂದಾಜು ತಪ್ಪಿದರೂ ಸಾವಿರಗಳ ಮಾತು. ಇಷ್ಟು ಕಾಲ ಎಷ್ಟೋ ಕಡೆ ಈ ಅಂದಾಜು ಅವರ ತಲೆಯಲ್ಲೇ ನಡೆದು ಒಂದು ನಿವ್ವಳ ಅಂಕಿಯಾಗಿ ಹೊರಬರುತ್ತಿತ್ತು. ಯಾವುದಕ್ಕೆ ಎಷ್ಟು ಹೋಯಿತೆಂದು ಸಾಲಗಾರರಿಗೆ ತಿಳಿಯುತ್ತಿರಲಿಲ್ಲ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಯಾಗಬೇಕೆಂದ ನಿರ್ದೇಶನದಲ್ಲಿ ಸಾಲದ ಮಿತಿಯನ್ನು ಎರಡೂವರೆ ಲಕ್ಷದವರೆಗೆ ಶೇ 85ಕ್ಕೆ, ಐದು ಲಕ್ಷದವರೆಗೆ ಶೇ 80ಕ್ಕೆ ಏರಿಸಲಾಗಿದೆ. ಸುದ್ದಿಯಾದದ್ದು ಅಷ್ಟೇ. ಅದೇ ನಿರ್ದೇಶನದ ಇನ್ನೊಂದು ಅಂಶ ಈ ಮೇಜಿಗೆ ಹೆಚ್ಚು ಹತ್ತಿರದ್ದು: ಒಡವೆಯನ್ನು ಸಾಲಗಾರರ ಎದುರಿಗೇ ಪರೀಕ್ಷಿಸಬೇಕು, ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್, ಹರಳು-ಅರಗು-ದಾರಕ್ಕೆಂದು ಕಳೆದದ್ದೆಷ್ಟು ಎಲ್ಲವನ್ನೂ ಬರೆದ ಪ್ರಮಾಣಪತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು. ಬೋರಮಾಳದ ಆ 12 ಗ್ರಾಂ ಇನ್ನು ಕಾಗದದ ಮೇಲಿರುತ್ತದೆ. ಅದನ್ನು ಹಿಡಿದು ಎದುರಿನ ಬ್ಯಾಂಕಿಗೆ ಹೋಗಿ, ಅಲ್ಲಿನ ಅಪ್ರೈಸರ್ ಎಷ್ಟು ಕಳೆಯುತ್ತಾರೆ ಎಂದು ಕೇಳಿ ನೋಡಬಹುದು.