ಒಂದೇ ಸಿಂಹ, ಐದು ಲೋಹ

ಶೌರ್ಯ ಪದಕ ‘ನೀನೇನು ಮಾಡಿದೆ’ ಎಂದು ಕೇಳುತ್ತದೆ. ಸಮರ ಪದಕ ಕೇಳುವುದು ‘ನೀನು ಅಲ್ಲಿದ್ದೆಯಾ’ ಎಂದಷ್ಟೇ. ಈ ಅಳತೆಗೋಲು ಹಿಡಿದರೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದುದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ ಪದಕ ತನ್ನ ನಿಯಮವನ್ನು ತಾನೇ ಮುರಿದಿದೆ. ಗೋರಾ ಸೈನಿಕ, ದೇಶೀ ಸಿಪಾಯಿ ಎನ್ನದೆ ಎಲ್ಲರಿಗೂ ಒಂದೇ ಅಚ್ಚಿನ ಪದಕ ಸಿಕ್ಕಿತು, ನಿಜ. ಕ್ಯೂಶ್ಲರ್ ರೂಪಿಸಿ ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಅಚ್ಚಾದ ಇದರ ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿದೆ. ಇನ್ನೊಂದರಲ್ಲಿ ಕೋಟೆಗೆ ಲಗ್ಗೆ. ಸಿಂಹದ ಮೇಲಿನ ಬಾವುಟದಲ್ಲಿ ‘ದೇವರ ಸಿಂಹವೇ ವಿಜಯಿ’ ಎಂಬ ಅರಬ್ಬಿ ಬರಹ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದುದೂ ಇದೇ ಮಾತನ್ನು! ಸೋತವನ ಘೋಷವಾಕ್ಯವೂ ಗೆದ್ದವರ ಪಾಲಾಯಿತು.

ಅಚ್ಚು ಒಂದಾದರೂ ಲೋಹ ಐದು: ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ. ದಂಡನಾಯಕರಿಗೆ ಚಿನ್ನ, ಹವಾಲ್ದಾರ, ಸಾರ್ಜೆಂಟರಿಗೆ ಕಂಚು, ಏಣಿ ಹತ್ತಿದ ಸಾಮಾನ್ಯ ಸೈನಿಕನಿಗೆ ತವರ. ಹಾಗೆ ನೋಡಿದರೆ ಇಲ್ಲಿ ಗೆರೆ ಎಳೆದದ್ದು ಬಣ್ಣಕ್ಕಿಂತ ಹೆಚ್ಚಾಗಿ ಹುದ್ದೆ. ಹತ್ತಾರು ಸಾವಿರ ಜನಕ್ಕೆ ಬೆಳ್ಳಿ ಕೊಡಲಾದೀತೇ ಎಂದು ಯಾರಾದರೂ ಕೇಳಬಹುದು. 1791–92ರ ಮೈಸೂರು ಯುದ್ಧಕ್ಕೆ ಇದೇ ಕಂಪನಿ ಸಿಪಾಯಿಗಳಿಗೂ ಬೆಳ್ಳಿಯ ಪದಕ ಕೊಟ್ಟಿತ್ತು. ಆಗ ಪಡೆದವರ ಸಂಖ್ಯೆ ಕಡಿಮೆ ಎಂಬುದನ್ನು ಒಪ್ಪೋಣ. ಆದರೆ ಖರ್ಚೇ ಕಾರಣವಾಗಿದ್ದರೆ ಎಲ್ಲರಿಗೂ ಕಂಚು ಕೊಡಬಹುದಿತ್ತಲ್ಲ? ಮೆಟ್ಟಿಲು ಮೆಟ್ಟಿಲಾಗಿ ಐದು ಲೋಹ ಬೇಕಿರಲಿಲ್ಲ. ನನಗೆ ಇದರಲ್ಲಿ ಕಾಣುವುದು ಪಟ್ಟಣದ ಲೂಟಿಯನ್ನು ಹಂಚಿಕೊಂಡ ಲೆಕ್ಕಾಚಾರವೇ. ಅದರಲ್ಲಿ ಮುತ್ತಿಗೆಯ ಸೇನಾಪತಿ ಜನರಲ್ ಹ್ಯಾರಿಸ್ ಒಬ್ಬನೇ ಎಂಟರಲ್ಲಿ ಒಂದು ಪಾಲು ಎತ್ತಿಕೊಂಡಿದ್ದ.

ಕಾಲವೇ ಹಾಗಿತ್ತು ಎಂಬ ಸಮಾಧಾನವೂ ಹೆಚ್ಚು ದೂರ ನಡೆಯದು. ಶ್ರೀರಂಗಪಟ್ಟಣದ ಪದಕ ಸೈನಿಕರ ಕೈಸೇರಿದ್ದು 1808ರ ಹೊತ್ತಿಗೆ. ಎಂಟು ವರ್ಷ ಕಳೆಯುವಷ್ಟರಲ್ಲಿ ಬ್ರಿಟನ್ ವಾಟರ್ಲೂ ಯುದ್ಧಕ್ಕೆ ಡ್ಯೂಕನಿಂದ ಹಿಡಿದು ಕಾಲಾಳಿನವರೆಗೆ ಒಂದೇ ಬೆಳ್ಳಿಯ ಪದಕ ಕೊಟ್ಟಿತು. ಆ ಡ್ಯೂಕ್ ವೆಲಿಂಗ್ಟನ್, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕರ್ನಲ್ ಆಗಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಆ ಸಮಾನತೆ ಹಿಂದೂಸ್ತಾನಕ್ಕೆ ಪೂರ್ತಿಯಾಗಿ ಬರಲಿಲ್ಲ. ಶತಮಾನದ ಕೊನೆಯ ಇಂಡಿಯಾ ಮೆಡಲ್‌ನಲ್ಲೂ ಕಾದಾಡಿದವರಿಗೆ ಬೆಳ್ಳಿ, ಹೊರೆ ಹೊತ್ತ ಪರಿವಾರದವರಿಗೆ ಕಂಚು.

ಇನ್ನು ತೊಡುವ ಮಾತು. ಐದರಲ್ಲಿ ಯಾವ ಲೋಹದ ಪದಕಕ್ಕೂ ಕಂಪನಿ ಕೊಂಡಿಯನ್ನಾಗಲಿ ರಿಬ್ಬನ್ನನ್ನಾಗಲಿ ಕೊಟ್ಟಿರಲಿಲ್ಲ; ಎದೆಯ ಮೇಲೆ ಧರಿಸಬೇಕೆಂದವರು ತಾವೇ ಹಾಕಿಸಿಕೊಂಡರು.